ಡುಮ್ಮಣ್ಣ ಕುಡಿದ ಪಿನೋ ನ್ವಾರ್

ಆಪರೇಷನ್ನಿಗೆ ಇನ್ನು ಮೂರು ವಾರ ಇತ್ತು. ಅಂಥ ಹೊತ್ತಿನಲ್ಲಿ, ವರ್ಷ ವರ್ಷ ಮಾಡುತ್ತಿದ್ದ ವೈನ್ ಊಟ ಈ ಸಲವೂ ಆಗಲೇಬೇಕು ಎಂದು ಗಂಡ ಹಟ ಹಿಡಿದ.

"ನೀವು ಒಂದು ತೊಟ್ಟೂ ಕುಡಿಯೋ ಹಾಗಿಲ್ಲ. ಡುಮ್ಮಣ್ಣನೂ ಕುಡಿಯೋ ಹಾಗಿಲ್ಲ. ಯಾರಿಗೆ ಈ ಸಂಭ್ರಮ?" ಎಂದು ಅವಳು ಕೇಳಿದಳು.

"ನಾವಿಬ್ರೂ ಮೂಸ್ತೀವಿ. ಕುಡಿಯೋದಕ್ಕೆ ನೀವಿಬ್ರು ಹೆಂಗಸರಿದ್ದೀರಲ್ಲ," ಎಂದ.

ಅವಳು ನಕ್ಕುಬಿಟ್ಟಳು. ಅವನು ಯಾವುದಕ್ಕಾದರೂ ಹಟ ಹಿಡಿದು ಬಹಳ ದಿನವಾಗಿತ್ತು.

ಅವಳು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಇನ್ನೊಂದು ಬ್ರೇಕನ್ನು ಸಮಯಕ್ಕೆ ಸರಿಯಾಗಿ ಒತ್ತುವುದೇ ಅವಳ ಕೆಲಸ. ಹಾಗಾಗಿ ಅಲ್ಲಿ ಎಲ್ಲರ ಬಾಯಲ್ಲೂ ಅವಳು ಬ್ರೇಕ್ ಮೇಡಂ. ಗಂಡ ಪೇಂಟ್ ಕಾರ್ಖಾನೆಯಲ್ಲಿ ಬಣ್ಣ ಹೊಂದಿಸುವವನು. ಯಾರಾದರೂ ಹಳೆಯ ಗೋಡೆಯಿಂದ ಕಿತ್ತ ಒಂದು ಚಕ್ಕೆ ತಂದುಕೊಟ್ಟರೆ, ಅದೇ ಬಣ್ಣವನ್ನು ಹೊಸದಾಗಿ ಕಲಸಿ ಕೊಡುತ್ತಿದ್ದ. ಅವನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ಆ ಕೆಲಸ ಅರ್ಧ ದಿನಕ್ಕೆ ಇಳಿದಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮನೆಗೆ ಬಂದರೆ ಒಗೆದು ಹಿಂಡಿದ ಬಟ್ಟೆಯ ಹಾಗೆ ಸೋಫಾದ ಮೇಲೆ ಬಿದ್ದಿರುತ್ತಿದ್ದ. ದಿನಕ್ಕೆ ಇಷ್ಟೇ ನೀರು ಎಂದು ಒಂದು ಬಾಟಲಿಯಲ್ಲಿ ತುಂಬಿಸಿಟ್ಟು, ಅದರಲ್ಲೇ ಮಾತ್ರೆ ನುಂಗಿ, ಅದರಲ್ಲೇ ಬಾಯಾರಿಕೆ ತೀರಿಸಿಕೊಳ್ಳಬೇಕಿತ್ತು.

ಕಿಡ್ನಿ ಕೊಡಲು ಮೊದಲು ಮುಂದೆ ಬಂದವಳು ಅವಳೇ. ಸಕ್ಕರೆ ಕಾಯಿಲೆ ಇದೆ, ಆಗುವುದಿಲ್ಲ ಎಂದರು. ಅತ್ತೆ ತನ್ನದು ತೆಗೆದುಕೊಳ್ಳಿ ಎಂದು ಡಾಕ್ಟರ ಎದುರು ಕೂತು ಜಗಳವೇ ಆಡಿದರು. ವಯಸ್ಸಾಯಿತು ಎಂದು ಅವರನ್ನೂ ಕಳಿಸಿದರು. ಒಡಹುಟ್ಟಿದವರು ಯಾರೂ ಇರಲಿಲ್ಲ. ಆಗ ಗಂಡನ ಹಳೆಯ ಸ್ನೇಹಿತ ಡುಮ್ಮಣ್ಣ, ಒಂದು ಸಂಜೆ ಇದೇ ಮನೆಯಲ್ಲಿ ಟೀ ಕುಡಿಯುತ್ತಾ ಕೂತಿದ್ದವನು, "ನಂದೊಂದು ನೋಡಿ ಮತ್ತೆ," ಎಂದ. ಮಳೆ ಬರುವಾಗ ತನ್ನ ಕೊಡೆ ಕೊಡುವವನ ಹಾಗೆ ಹೇಳಿದ್ದ. ಹೊಂದಿತು. ಆಸ್ಪತ್ರೆಯವರು ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಯಾರ ಬಲವಂತವಾದರೂ ಇದೆಯೇ ಎಂದು ಕೇಳಿದರೆ, "ನನ್ನ ಮೈಯಲ್ಲಿ ಎಲ್ಲಾ ಧಾರಾಳವಾಗಿದೆ, ಒಂದು ಹೋದ್ರೆ ನನಗೇ ಗೊತ್ತಾಗಲ್ಲ," ಎಂದು ಅವರನ್ನೂ ನಗಿಸಿ ಬಂದಿದ್ದ. ತೂಕ ಇಳಿಸಬೇಕು, ಕೊನೆಯ ಒಂದು ತಿಂಗಳು ಹೆಂಡ ಮುಟ್ಟಲೇಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅವನು ನಿಜವಾಗಿಯೂ ಇಳಿದಿದ್ದ.

"ಅವನನ್ನ ಡುಮ್ಮಣ್ಣ ಅನ್ನೋಕೆ ಈಗ ಬಾಯೇ ಬರಲ್ಲ. ನನ್ನ ಹೊಟ್ಟೇಲಿ ಹುಟ್ಟಲಿಲ್ಲ ಅನ್ನೋದೊಂದು ಬಿಟ್ರೆ ಅವನೂ ನನ್ನ ಮಗನೇ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು.

ವೈನ್ ಊಟ ಶುರುವಾಗಿದ್ದು ಹುಡುಗಾಟದಿಂದ. ಸ್ನೇಹಿತರಿಬ್ಬರಿಗೂ ಹೊಸದಾಗಿ ಮದುವೆಯಾಗಿದ್ದಾಗ ಗಂಡ ಎಲ್ಲಿಂದಲೋ ಪಿನೋ ನ್ವಾರ್ ಎಂಬ ಒಂದು ಫ್ರೆಂಚ್ ಕೆಂಪು ವೈನ್ ತಂದಿದ್ದ. ಅದೇ ದಿನ ಡುಮ್ಮಣ್ಣನೂ ಒಂದು ಪಿನೋ ನ್ವಾರ್ ಹಿಡಿದು ಬಂದ, ಆದರೆ ಅದು ನ್ಯೂಜಿಲೆಂಡಿನದು. ಒಂದೇ ದ್ರಾಕ್ಷಿ, ಒಂದೇ ಹೆಸರು. ಕುಡಿದು ನೋಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಗಂಡ ಫ್ರಾನ್ಸಿನ, ಅಂದರೆ ಹಳೇ ಪ್ರಪಂಚದ ಕಡೆ ನಿಂತ, ಡುಮ್ಮಣ್ಣ ನ್ಯೂಜಿಲೆಂಡಿನ ಹೊಸ ಪ್ರಪಂಚದ ಕಡೆ. ಜಗಳ ಅವತ್ತು ಮುಗಿಯಲಿಲ್ಲ. ಮುಂದಿನ ವರ್ಷಕ್ಕೆ ಮುಂದೂಡಿದರು. ಹಾಗೆಯೇ ಮುಂದೂಡುತ್ತಾ ಬಂದು ಇಬ್ಬರ ತಲೆಯೂ ನೆರೆತಿತ್ತು.

ಅವಳು ಮೇಜಿಗೆ ಬಿಳಿ ಬಟ್ಟೆ ಹಾಸಿದಳು. ಬಣ್ಣ ನೋಡಲು ಬಿಳಿಯೇ ಬೇಕೆಂಬುದು ಗಂಡನ ಕಟ್ಟಪ್ಪಣೆ. ಅಣಬೆ ಹಾಕಿ ಕೋಳಿ ಬೇಯಿಸಿದ್ದಳು. ಗಂಡನಿಗೆ ಒಗ್ಗುವ ಹಾಗೆ ಆಲೂಗಡ್ಡೆಯನ್ನು ಎರಡು ಸಲ ನೀರು ಬದಲಿಸಿ ಬೇಯಿಸಿದ್ದಳು. ಉಪ್ಪು ಬೇಕಾದವರಿಗೆ ಬೇರೆ ಇಟ್ಟಿದ್ದಳು.

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ," ಎಂದು ಅತ್ತೆ ಆಲೂಗಡ್ಡೆಯ ಒಂದು ಚೂರು ಬಾಯಿಗೆ ಹಾಕಿಕೊಂಡರು. "ಈ ಮನೇಲಿ ಉಪ್ಪೂ ಇಲ್ಲ, ತಾಯಿ ಮಾತು ಕೇಳೋರೂ ಇಲ್ಲ."

ಡುಮ್ಮಣ್ಣನ ಹೆಂಡತಿ ಮೊದಲು ಬಂದಳು. ಅವಳು ಶಾಲೆಯೊಂದರಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಯಾವಾಗಲೂ ಬಾಗಿಲಲ್ಲೇ ಮಾತು ಶುರು ಮಾಡುವವಳು ಅವತ್ತು ಸುಮ್ಮನೆ ಚಪ್ಪಲಿ ಬಿಟ್ಟು ಒಳಗೆ ಬಂದಳು. ಸ್ವಲ್ಪ ಹೊತ್ತಿಗೆ ಐದು ಮಹಡಿ ಹತ್ತಿ ಏದುಸಿರು ಬಿಡುತ್ತಾ ಡುಮ್ಮಣ್ಣ ಬಂದ. ಊರಿನ ಲಿಫ್ಟುಗಳನ್ನೆಲ್ಲ ತಪಾಸಣೆ ಮಾಡಿ ಸರಿಯಿದೆ ಎಂದು ಸಹಿ ಹಾಕುವುದು ಅವನ ನೌಕರಿ. ತಾನು ಮಾತ್ರ ಮೆಟ್ಟಿಲು ಬಿಟ್ಟು ಬೇರೆ ದಾರಿ ತುಳಿದವನಲ್ಲ.

ಗಂಡ ನಾಲ್ಕು ಜನರ ಮುಂದೆ ಎರಡೆರಡು ಗ್ಲಾಸು ಇಟ್ಟು, ಎರಡು ಬಾಟಲಿಯಿಂದ ಸ್ವಲ್ಪ ಸ್ವಲ್ಪ ಹಾಕಿದ. ತನ್ನ ಗ್ಲಾಸುಗಳನ್ನು ಓರೆ ಮಾಡಿ ಬಿಳಿ ಬಟ್ಟೆಯ ಮೇಲೆ ಹಿಡಿದ. ಹಳೆಯದು ತೆಳು, ನೀರಲ್ಲಿ ತೊಳೆದ ದಾಳಿಂಬೆ ಕಾಳಿನ ಕೆಂಪು, ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಹೊಸದು ಗಾಢ, ಬೀಟ್‌ರೂಟ್ ಹೆಚ್ಚಿದ ಕೈಯ ಹಾಗೆ. ಆಮೇಲೆ ಕಣ್ಣು ಮುಚ್ಚಿ ಮೂಸಿದ.

"ಇದು ನೋಡು, ನೆಂದ ಮಣ್ಣು. ಅಣಬೆ. ಒಣಗಿದ ಎಲೆ," ಎಂದ. "ಇನ್ನೊಂದು ಬರೀ ಹಣ್ಣು. ಮೂಗಿಗೆ ಬಂದು ಕೂತ್ಕೊಳ್ಳತ್ತೆ. ಒಂದೇ ಬಳ್ಳಿ ಕಣೋ. ಫ್ರಾನ್ಸಲ್ಲಿ ಬಿಸಿಲು ಕಮ್ಮಿ, ಕಷ್ಟಪಟ್ಟು ಹಣ್ಣಾಗತ್ತೆ. ನ್ಯೂಜಿಲೆಂಡಲ್ಲಿ ಬಿಸಿಲು ಬೇಕಾದಷ್ಟು."

"ನಿನ್ನ ಹಳೇದು ಮುನಿಸ್ಕೊಂಡ ನೆಂಟರ ಥರ," ಎಂದಳು ಅವಳು, ಡುಮ್ಮಣ್ಣ ಪ್ರತಿ ವರ್ಷ ಹೇಳುತ್ತಿದ್ದ ಮಾತನ್ನು ಅವನು ಹೇಳದೇ ಇದ್ದದ್ದರಿಂದ. "ಕೂತು ಪುಸಲಾಯಿಸಿದ್ರೆ ಮಾತ್ರ ಬಾಯಿ ಬಿಡತ್ತೆ. ಅಲ್ವಾ ಡುಮ್ಮಣ್ಣ?"

ಡುಮ್ಮಣ್ಣ "ಹೂಂ," ಎಂದ. ಗ್ಲಾಸನ್ನು ಮೂಗಿನ ಹತ್ತಿರ ತಂದ. ಆಮೇಲೆ ಕುಡಿದ.

ರುಚಿಗೆ ಒಂದು ಗುಟುಕು ಇರಬೇಕು ಎಂದುಕೊಂಡಳು. ಅವನು ಗ್ಲಾಸು ಕೆಳಗಿಡಲಿಲ್ಲ. ಹೊಸದನ್ನು ಮುಗಿಸಿದ, ಹಳೆಯದನ್ನು ಎತ್ತಿಕೊಂಡ, ಅದನ್ನೂ ಮುಗಿಸಿದ. ಜ್ವರ ಬಂದ ಮಗು ಔಷಧಿ ಕುಡಿಯುವ ಹಾಗೆ, ಯಾರ ಮುಖವನ್ನೂ ನೋಡದೆ ಕುಡಿದ. ಮೇಜಿನ ಕೆಳಗೆ ಅವಳ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಅವನ ಹೆಂಡತಿಯ ಕಡೆ ನೋಡಿದಳು. ಆಕೆ ತಟ್ಟೆಯ ಅಂಚಿನ ಗೆರೆಯನ್ನು ಬೆರಳಿಂದ ಸವರುತ್ತಾ ಕೂತಿದ್ದಳು. ಮುಖ ಎತ್ತಲಿಲ್ಲ.

ಗಂಡನಿಗೂ ಕಂಡಿತ್ತು. ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಹಿಡಿಯುವ ಕಣ್ಣು ಅದು. ಖಾಲಿ ಗ್ಲಾಸುಗಳನ್ನು ಒಂದು ಸಲ ನೋಡಿದ, ಸ್ನೇಹಿತನ ಮುಖವನ್ನು ಒಂದು ಸಲ ನೋಡಿದ. ಬಾಟಲಿಯ ಕಡೆ ಕೈ ಚಾಚಿದ.

"ಯಾವುದು ಹಾಕ್ಲಿ? ಹಳೇದಾ, ಹೊಸದಾ?"

"ಹಳೇದು," ಎಂದ ಡುಮ್ಮಣ್ಣ. ಇಷ್ಟು ವರ್ಷದಲ್ಲಿ ಅವನು ಹಳೆಯದನ್ನು ಕೇಳಿದ್ದು ಅದೇ ಮೊದಲು.

"ರೀ," ಎಂದಳು ಅವಳು. ಗಂಡ ಅರ್ಧ ಗ್ಲಾಸು ತುಂಬಿಸಿದ.

ಮೇಜಿನ ಕೊನೆಯಲ್ಲಿ ಕೋಳಿ ಬಿಡಿಸಿಕೊಳ್ಳುತ್ತಿದ್ದ ಅತ್ತೆಗೆ ಇದೆಲ್ಲ ತಡವಾಗಿ ಕಣ್ಣಿಗೆ ಬಿತ್ತು. "ಅಲ್ವೋ, ಡಾಕ್ಟರು ನಿನಗೆ ಕುಡೀಬೇಡ ಅಂದಿಲ್ವಾ? ಆಪರೇಷನ್ನಿಗೆ ಇನ್ನು ಮೂರು ವಾರಾನೂ ಇಲ್ಲ. ನಾಲಿಗೆ ಅಷ್ಟೂ ಹಿಡಿತದಲ್ಲಿ ಇಲ್ವಾ ನಿನಗೆ?" ಎಂದು ತಾಯಿ ಗದರುವ ಹಾಗೆ ಗದರಿದರು.

ಡುಮ್ಮಣ್ಣ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನನ್ನ ಕೈಲಿ ಆಗಲ್ಲ ಅಮ್ಮ," ಎಂದ.

"ಏನು ಆಗಲ್ಲ?"

"ಕೊಡೋಕೆ ಆಗಲ್ಲ." ಆಮೇಲೆ ಗಂಡನ ಕಡೆ ತಿರುಗಿದ. "ಹೋದ ವಾರ ಕೊನೇ ಸ್ಕ್ಯಾನಿಗೆ ಮಲಗಿಸಿದ್ರಲ್ಲ, ಆ ಡಾಕ್ಟರು ಬೆರಳಲ್ಲಿ ಇಲ್ಲಿಂದ ಇಲ್ಲಿವರೆಗೆ ಕುಯ್ತೀವಿ ಅಂತ ಗೆರೆ ಎಳೆದು ತೋರಿಸಿದ್ರು. ಅಷ್ಟೇ ಕಣೋ. ಇನ್ನೇನೂ ಆಗ್ಲಿಲ್ಲ. ಅವತ್ತಿಂದ ಕಣ್ಣು ಮುಚ್ಚಿದ್ರೆ ಆ ಬೆರಳೇ ಬರತ್ತೆ. ಫೋನ್ ಮಾಡಿ ಹೇಳೋಣ ಅಂತ ದಿನಾ ತಗೊಂಡೆ, ದಿನಾ ಇಟ್ಟೆ. ಇಲ್ಲಿ ಬಂದು ಹೇಳೋಣ ಅಂದ್ಕೊಂಡೆ. ಬಾಯಲ್ಲಿ ಬರ್ಲಿಲ್ಲ, ಅದಕ್ಕೇ ಕುಡಿದೆ."

"ನನಗೆ ಹೆದರಿಕೆ," ಎಂದು ಸೇರಿಸಿದ. "ಬೇರೆ ಏನೂ ಕಾರಣ ಇಲ್ಲ. ಇದ್ದಿದ್ರೆ ಚೆನ್ನಾಗಿತ್ತು."

ಗಂಡ ತನ್ನ ಗ್ಲಾಸನ್ನು ಪಕ್ಕಕ್ಕೆ ಸರಿಸಿದ. "ಊಟ ಮಾಡು," ಎಂದ. "ಆರಿಹೋಗ್ತಿದೆ."

"ಹಾಗಾದ್ರೆ ನನ್ನ ಮಗ?" ಎಂದು ಅತ್ತೆ ಕೇಳಿದರು. ಯಾರನ್ನು ಕೇಳಿದರೋ ಗೊತ್ತಾಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದರು. ಮೇಜು ಹಿಡಿದು ಎದ್ದು, ಕೈ ತೊಳೆಯದೆಯೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವಳು ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಈಜಿನ ಟೀಚರು ಹಿಂದೆಯೇ ಬಂದು ನಲ್ಲಿ ತಿರುಗಿಸಿದಳು, ನೀರಿನ ಸದ್ದಿನಲ್ಲಿ ಮಾತು ಹೊರಗೆ ಕೇಳಿಸದಿರಲಿ ಎಂದು.

"ನಾನೇ ತಡೆದೆ ಅಂತ ಎಲ್ಲರೂ ಅಂದ್ಕೊಳ್ತಾರೆ," ಎಂದಳು. "ನಾನು ತಡೀಲಿಲ್ಲ. ನಾಲ್ಕು ದಿನದಿಂದ ಬೇಡ್ಕೊಂಡೆ, ಬೈದೆ, ಮಾತು ಬಿಟ್ಟೆ. ನೀರಿಗೆ ಹೆದರೋ ಮಕ್ಕಳನ್ನ ದಿನಾ ನೋಡ್ತೀನಿ. ಕೆಲವರನ್ನ ತಳ್ಳಿದ್ರೆ ಈಜ್ತಾರೆ. ಕೆಲವರು ಆಮೇಲೆ ಜೀವಮಾನ ಪೂರ್ತಿ ನೀರಿನ ಹತ್ತಿರ ಬರಲ್ಲ. ಇವರನ್ನ ತಳ್ಳಿ ನೋಡಿದೆ."

"ಇನ್ನೊಂದು ಸಲ ತಳ್ಳು," ಎಂದಳು ಅವಳು.

ಆಕೆ ಅವಳ ತೋಳು ಹಿಡಿದುಕೊಂಡು ಅಳತೊಡಗಿದಳು. ಅವಳಿಗೆ ಅಳು ಬರಲಿಲ್ಲ. ಆ ಕೈಯನ್ನು ಮೆಲ್ಲಗೆ ಬಿಡಿಸಿ, ತಟ್ಟೆಗಳನ್ನು ನೀರಿನ ಕೆಳಗೆ ಹಿಡಿದಳು.

ಅವರು ಹೊರಟ ಮೇಲೆ ಬಾಗಿಲು ಹಾಕಿದವಳು, ಚಿಲಕದ ಮೇಲಿನ ಕೈ ತೆಗೆಯದೆ ಒಂದು ಗಳಿಗೆ ನಿಂತಳು. ಮತ್ತೆ ಬಾಗಿಲು ತೆಗೆದು ಮೆಟ್ಟಿಲಿಳಿದು ಓಡಿದಳು. ಕೆಳಗಿನ ಮಹಡಿಯ ತಿರುವಿನಲ್ಲಿ ಡುಮ್ಮಣ್ಣ ಒಬ್ಬನೇ ಮೆಟ್ಟಿಲ ಮೇಲೆ ಕೂತಿದ್ದ. ಹೆಂಡತಿ ಲಿಫ್ಟಿನಲ್ಲಿ ಇಳಿದು ಹೋಗಿದ್ದಳು.

"ಅತ್ತಿಗೆ, ನನಗೆ ಬೈದುಬಿಡಿ," ಎಂದ.

"ಬೈಯಲ್ಲ. ಬೈದ್ರೆ ನಿಮಗೆ ಹಗುರ ಆಗತ್ತೆ." ಅವಳು ಅವನಿಗಿಂತ ಎರಡು ಮೆಟ್ಟಿಲು ಕೆಳಗೆ ಹೋಗಿ ನಿಂತಳು. "ಡುಮ್ಮಣ್ಣ, ನಾನು ಈವರೆಗೆ ಯಾರ ಹತ್ರನೂ ಏನೂ ಕೇಳಿಲ್ಲ. ನಿಮಗೆ ಗೊತ್ತು. ಈಗ ಕೇಳ್ತಿದೀನಿ. ನೀವು ಮಲಗಿ ಏಳೋವರೆಗೂ ನಾನು ನಿಮ್ಮ ಪಕ್ಕದಲ್ಲೇ ಇರ್ತೀನಿ. ಅವರ ಹತ್ರ ಹೋಗಲ್ಲ, ನಿಮ್ಮ ಹತ್ರ ಇರ್ತೀನಿ."

ಅವನ ಮೊಣಕಾಲುಗಳು ನಡುಗುತ್ತಿದ್ದವು. ಅವುಗಳ ಮೇಲೆ ಅಂಗೈ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಅದನ್ನು ನೋಡಿದಾಗ ಅವಳಿಗೆ ಇನ್ನು ಕೇಳಿ ಪ್ರಯೋಜನವಿಲ್ಲ ಎಂದು ತಿಳಿಯಿತು. ಸ್ಟೀರಿಂಗ್ ಹಿಡಿದು ಕೂತವರ ಕಾಲು ಹೀಗೆ ನಡುಗಿದರೆ ಅವಳು ಕಾರು ಪಕ್ಕಕ್ಕೆ ನಿಲ್ಲಿಸಿ, ಇಳಿಸಿ, ಮನೆಗೆ ಕಳಿಸುತ್ತಿದ್ದಳು.

ಮೇಲೆ ಬಂದಾಗ ಗಂಡ ಸೋಫಾದ ಮೇಲೆ ಮಲಗಿದ್ದ.

"ಬೇಡಿಕೊಂಡ್ಯಾ?" ಎಂದು ಕೇಳಿದ.

"ಹೂಂ."

"ಮಾಡಬಾರದಿತ್ತು."

"ಯಾಕೆ? ನಿಮಗೆ ಬದುಕೋ ಆಸೆ ಇಲ್ಲದಿದ್ರೆ ನನಗೂ ಇರಬಾರದಾ? ಕೈಯಾರೆ ಗ್ಲಾಸು ತುಂಬಿಸಿದ್ರಲ್ಲ ನೀವು."

"ತುಂಬಿಸದೇ ಇದ್ದಿದ್ರೆ ಏನಾಗ್ತಿತ್ತು? ನಾಚಿಕೆಗೆ ಬಂದು ಮಲಗ್ತಿದ್ದ. ಹಾಗೆ ಬರೋ ಕಿಡ್ನಿ ನನಗೆ ಬೇಡ." ಮಗ್ಗುಲು ಬದಲಿಸಿ, "ಅವನ ಜಾಗದಲ್ಲಿ ನಾನಿದ್ರೆ ಕೊಡ್ತಿದ್ನಾ ಅಂತ ಯೋಚನೆ ಮಾಡ್ತಿದ್ದೆ. ಗೊತ್ತಾಗಲ್ಲ," ಎಂದ.

"ನಾನು ಕೊಡ್ತಿದ್ದೆ."

"ನಿಂದು ಆಗಲ್ಲ ಅಂತ ಆಗಲೇ ಹೇಳಿದಾರಲ್ಲ," ಎಂದ ಅವನು. "ಈಗ ಹೇಳೋದು ಸುಲಭ."

ಅವನು ಚುಚ್ಚಬೇಕೆಂದು ಹೇಳಿರಲಿಲ್ಲ. ದಣಿವಿನಲ್ಲಿ ಬಂದ ಮಾತು. ಹೇಳಿದ ಮೇಲೆ ಅವನಿಗೇ ಕೆಡುಕೆನಿಸಿ ಅವಳ ಕೈ ಹಿಡಿದುಕೊಂಡ. ಆದರೆ ಬಾಯಿಂದ ಬಿದ್ದದ್ದು ಬಿದ್ದಿತ್ತು. ಅವಳು ಆ ಮಾತನ್ನು ಹೊತ್ತುಕೊಂಡೇ ಮುಂದಿನ ದಿನಗಳಲ್ಲಿ ತಿರುಗಿದಳು. ಪರೀಕ್ಷೆಗೆ ರಕ್ತ ಕೊಡಲು ಹೋದ ಬೆಳಿಗ್ಗೆ ತನ್ನೊಳಗೆ ಏನಿತ್ತು ಎಂದು ನೆನಪಿಸಿಕೊಳ್ಳಲು ನೋಡಿದಳು. ಸಕ್ಕರೆ ಇದೆ, ಆಗುವುದಿಲ್ಲ ಎಂದಾಗ ಅತ್ತಿದ್ದು ನೆನಪಿತ್ತು. ಅಳುವಿನ ಹಿಂದೆ ಇನ್ನೇನಾದರೂ ಇತ್ತೇ ಎಂಬುದು ಎಷ್ಟು ಕೆದಕಿದರೂ ತಿಳಿಯಲಿಲ್ಲ.

ಆಸ್ಪತ್ರೆಯವರು ಕಾರಣ ಕೇಳಲಿಲ್ಲ. ಗಂಡನ ಹೆಸರು ಕಿಡ್ನಿಗಾಗಿ ಕಾಯುವವರ ಸಾಲಿಗೆ ಹೋಯಿತು. ಆ ಸಾಲು ಆಮೆಯಂತೆ ಸಾಗುತ್ತದೆ ಎಂದು ನರ್ಸ್ ಒಬ್ಬಳು ಮೊದಲೇ ಹೇಳಿದ್ದಳು.

ಡುಮ್ಮಣ್ಣ ಮತ್ತೆ ಮುಖ ತೋರಿಸಲಾರ ಎಂದು ಅವಳು ಎಣಿಸಿದ್ದಳು. ಅವನು ಮುಂದಿನ ಡಯಾಲಿಸಿಸ್ಸಿಗೇ ಕಾರು ತಂದು ಕೆಳಗೆ ನಿಂತ. ಗಂಡ ಏನೂ ಆಗದವನ ಹಾಗೆ ಇಳಿದು ಹೋಗಿ ಕೂತ. ಆಮೇಲೆ ಅದೇ ರೂಢಿಯಾಯಿತು. ಒಂದು ದಿನ ಅವಳು ಕೆಲಸ ಬೇಗ ಮುಗಿಸಿ ಆಸ್ಪತ್ರೆಗೆ ಹೋದಾಗ, ಮಷೀನಿನ ಪಕ್ಕದಲ್ಲಿ ಇಬ್ಬರೂ ಯಾವುದೋ ಹಳೆಯ ಮಾತಿಗೆ ಬಿದ್ದು ಬಿದ್ದು ನಗುತ್ತಿದ್ದರು. ಗಂಡನ ತೋಳಿಂದ ರಕ್ತ ನಳಿಕೆಯಲ್ಲಿ ಹೋಗಿ ಬರುತ್ತಿತ್ತು. ಅವಳು ಗಾಜಿನ ಬಾಗಿಲ ಹೊರಗಿನಿಂದಲೇ ತಿರುಗಿ ಬಂದಳು.

"ಅವನನ್ನ ಹೇಗೆ ಮನೆಗೆ ಸೇರಿಸ್ತೀರಿ?" ಎಂದು ಅತ್ತೆಯನ್ನು ಕೇಳಿದಳು.

"ಏನು ಮಾಡ್ಲಮ್ಮ," ಎಂದರು ಅತ್ತೆ. "ಒಂದು ವಾರ ಶಾಪ ಹಾಕಿದೆ. ಶಾಪ ಹಾಕಿದ್ರೆ ನನ್ನ ಮಗ ಎದ್ದು ಕೂರ್ತಾನಾ? ಅವನು ಬಂದ ದಿನ ಇವನು ಎರಡು ತುತ್ತು ಜಾಸ್ತಿ ತಿಂತಾನೆ. ನನಗೆ ಅಷ್ಟು ಸಾಕು."

ಅವಳಿಗೆ ಸಾಕಾಗಲಿಲ್ಲ. ಇಡೀ ಮನೆಯಲ್ಲಿ ಸಿಟ್ಟು ಇಟ್ಟುಕೊಂಡವಳು ತಾನೊಬ್ಬಳೇ ಎನಿಸುತ್ತಿತ್ತು. ಡ್ರೈವಿಂಗ್ ಸ್ಕೂಲಿನಲ್ಲಿ ಬೇಡದ ಕಡೆಯೂ ಬ್ರೇಕ್ ಒತ್ತತೊಡಗಿದಳು. ಖಾಲಿ ರಸ್ತೆಯಲ್ಲಿ ಕಾರು ಗಕ್ಕನೆ ನಿಲ್ಲುತ್ತಿತ್ತು. ಕಲಿಯುವ ಹುಡುಗಿಯೊಬ್ಬಳು, "ನಾನೇನು ತಪ್ಪು ಮಾಡಿದೆ ಮೇಡಂ?" ಎಂದು ಕೇಳಿದರೆ, ಮುಂದೆ ಹೋಗು ಎಂದು ಕೈ ತೋರಿಸುತ್ತಿದ್ದಳು.

ವರ್ಷ ತುಂಬುವ ಮೊದಲೇ ಗಂಡ ಕಾರ್ಖಾನೆಗೆ ಹೋಗುವುದು ನಿಂತಿತು. ಕಾಲು ಊದಿಕೊಂಡವು. ನಾಲ್ಕು ಮಾತಾಡಿದರೆ ಉಸಿರು ಸಿಗುತ್ತಿರಲಿಲ್ಲ. ಹೃದಯ ಸೋಲುತ್ತಿದೆ, ಇನ್ನು ಆಪರೇಷನ್ ತಡೆದುಕೊಳ್ಳಲಾರದು ಎಂದು ಹೇಳಿ ಡಾಕ್ಟರು ಅವನ ಹೆಸರನ್ನು ಸಾಲಿನಿಂದಲೂ ತೆಗೆದರು. ಅವತ್ತು ಮನೆಗೆ ಬಂದವನು ಇಡೀ ಮಧ್ಯಾಹ್ನ ಕಿಟಕಿಯ ಹತ್ತಿರ ಕೂತು ಎದುರುಗಡೆಯ ಕಟ್ಟಡಕ್ಕೆ ಬಣ್ಣ ಬಳಿಯುವವರನ್ನು ನೋಡಿದ. "ಎರಡನೇ ಕೋಟಿಂಗಿಗೆ ಬೇರೆ ಡಬ್ಬಿ ತಂದಿದಾರೆ. ಒಣಗಿದ ಮೇಲೆ ಕಾಣತ್ತೆ ನೋಡು," ಎಂದ. ಅವಳು ನೋಡಿದಳು. ಅವಳಿಗೆ ಎರಡೂ ಒಂದೇ ಥರ ಕಂಡವು.

ಅವಳು ಪಾಠದ ನಡುವೆ ಇದ್ದಾಗ ಫೋನ್ ಬಂತು. ಡುಮ್ಮಣ್ಣನ ಹೆಸರು ನೋಡಿ ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ಮೂರನೆಯ ಸಲ ಕಾರು ನಿಲ್ಲಿಸಿ ಎತ್ತಿದಾಗ ಅವನು, "ಅತ್ತಿಗೆ, ಬನ್ನಿ," ಎಂದಷ್ಟೇ ಹೇಳಿದ.

ಡಯಾಲಿಸಿಸ್ ವಾರ್ಡಿನ ಹೊರಗಿನ ಕಾರಿಡಾರಿನಲ್ಲಿ ಎರಡೇ ಕುರ್ಚಿ ಇದ್ದವು. ಒಂದರಲ್ಲಿ ಡುಮ್ಮಣ್ಣ ಕೂತಿದ್ದ. ಗಂಡನ ಸ್ವೆಟರು ಅವನ ತೊಡೆಯ ಮೇಲಿತ್ತು. ಅವಳು ಒಳಗೆ ಹೋಗಿ ನೋಡಿದಳು. ಹಣೆ ಮುಟ್ಟಿದಳು. ಇನ್ನೂ ಬೆಚ್ಚಗಿತ್ತು. ನರ್ಸು ಮಷೀನಿನ ನಳಿಕೆಗಳನ್ನು ಸುತ್ತಿಡುತ್ತಿದ್ದವಳು ಕೈ ನಿಲ್ಲಿಸಿ ಪಕ್ಕಕ್ಕೆ ಸರಿದಳು.

ಹೊರಗೆ ಬಂದಾಗ, ವರ್ಷವಿಡೀ ಅವನಿಗೆ ಹೇಳಬೇಕೆಂದು ಕೂಡಿಟ್ಟ ಮಾತುಗಳೆಲ್ಲ ಒಟ್ಟಿಗೆ ನೆನಪಾದವು. ಬಾಯಿ ತೆರೆದರೆ ಬಂದದ್ದು ಬೇರೆ.

"ಏನಾದ್ರೂ ಹೇಳಿದ್ರಾ?"

"ಇಲ್ಲ ಅತ್ತಿಗೆ. ಬಿಪಿ ಇಳೀತು. ತಲೆ ಸುತ್ತತ್ತೆ ಅಂದ. ಕೈ ಹಿಡ್ಕೊಂಡೆ. ನಿದ್ದೆ ಬಂದ ಹಾಗೆ ಆಯ್ತು."

ಅವಳು ಇನ್ನೊಂದು ಕುರ್ಚಿಯಲ್ಲಿ ಕೂತಳು. ಗಾಲಿ ಮಂಚವೊಂದು ಸದ್ದು ಮಾಡುತ್ತಾ ಹಾದುಹೋಯಿತು.

"ಅಮ್ಮನಿಗೆ ಇನ್ನೂ ಗೊತ್ತಿಲ್ಲ," ಎಂದ ಡುಮ್ಮಣ್ಣ. "ನಾನು ಬರೋದು ಬೇಡ ಅಂದ್ರೆ ಬರಲ್ಲ."

ಅವಳು ಯೋಚಿಸಿದಳು. ಅತ್ತೆ ಈ ಹೊತ್ತಿಗೆ ಮಧ್ಯಾಹ್ನದ ನಿದ್ದೆಯಿಂದ ಎದ್ದು, ಬಾಗಿಲ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತಾರೆ. ಒಬ್ಬಳೇ ಹೋಗಿ ಆ ಮುಖದ ಎದುರು ನಿಲ್ಲುವ ಶಕ್ತಿ ಅವಳಲ್ಲಿ ಇರಲಿಲ್ಲ. ಸುದ್ದಿ ಕೇಳಿ ಆ ಮುದುಕಿ ಕುಸಿದರೆ ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಿತ್ತು. ಇವನನ್ನು ಬಿಟ್ಟರೆ ಕರೆಯಲು ಬೇರೆ ಯಾರೂ ಇರಲಿಲ್ಲ.

"ಕಾರು ತೆಗೀರಿ," ಎಂದಳು.